ಕಿತ್ತಾಕೋಕೂ ದುಡ್ಡಾ?

ಬಾಬರ್ ಅಂದ ಕೂಡಲೇ ನನ್ನಂಥ ಸರ್ಕಾರಿ ಶಾಲೆ ಹುಡುಗರಿಗೆ ನೆನಪಾಗೋದು 1526, ಮೊದಲನೇ ಪಾಣಿಪತ್ ಕದನ, ಎರಡು ಅಂಕದ ಪ್ರಶ್ನೆ. ನಾನು ಹೇಳಹೊರಟಿರೋದು ಆ ಬಾಬರನ ಕಥೆಯಲ್ಲ. ಇದು ಮೋಟರ್‌ಸೈಕಲ್ಲಿನ ಒಂದು ಜಾತಿ. ಹೆಂಗಸರ ಬಾಬ್ ಕಟ್ ಗೊತ್ತಲ್ಲ, ಅದೇ ಬಾಬ್. ಉದ್ದ ಇದ್ದದ್ದನ್ನು ಕತ್ತರಿಸಿ ಮೋಟು ಮಾಡೋದು. ಹಿಂದಿನ ಮಡ್‌ಗಾರ್ಡ್ ಮೋಟು ಮಾಡಿ, ಒಬ್ಬನೇ ಕೂರುವ ಸೀಟು ಹಾಕಿ, ಓಡೋದಕ್ಕೆ ಬೇಡವಾದದ್ದನ್ನೆಲ್ಲ ಬಿಚ್ಚಿಟ್ಟರೆ ಬೈಕು ಬಾಬರ್ ಆಯಿತು.

ಇದು ಅಮೆರಿಕದಲ್ಲಿ ಹುಟ್ಟಿದ ಚಟ. 1930ರ ದಶಕದಲ್ಲೇ ಅಲ್ಲಿನ ಹುಡುಗರು ರೇಸಿನ ಹುಚ್ಚಿಗೆ ತಮ್ಮ ಭಾರದ ಬೈಕುಗಳ ಮಡ್‌ಗಾರ್ಡ್ ಕತ್ತರಿಸಿ ಹಗುರ ಮಾಡಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆಂದು ತಯಾರಾಗಿದ್ದ ಹಾರ್ಲಿ ಡೇವಿಡ್‌ಸನ್ ಬೈಕುಗಳು ಅಗ್ಗಕ್ಕೆ ಸಿಗತೊಡಗಿದವು. ಯುದ್ಧದಿಂದ ವಾಪಸ್ ಬಂದವರು ಅವನ್ನು ಕೊಂಡು, ಮನೆ ಶೆಡ್ಡಿನಲ್ಲಿ ತಾವೇ ಬಿಚ್ಚಿ, ತಾವೇ ಜೋಡಿಸಿ ಓಡಿಸಿದರು. ಇದೇ ಹುಚ್ಚು ಮುಂದೆ ಚಾಪರ್ ಆಯಿತು. 1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಮುಂದಿನ ಫೋರ್ಕ್ ಮೈಲುದ್ದ ಚಾಚಿಕೊಂಡಿರುತ್ತಲ್ಲ, ಅದು ಚಾಪರ್. ಚಾಪರಿಗೆ ಸಾಮಾನ್ಯವಾಗಿ ಫ್ರೇಮನ್ನೇ ಕೊಯ್ಯಬೇಕು. ಬಾಬರಿಗೆ ಫ್ರೇಮ್ ಮುಟ್ಟುವ ಹಾಗಿಲ್ಲ, ಮೈಮೇಲಿನದನ್ನು ಇಳಿಸೋದಷ್ಟೇ. ಅಂದ್ರೆ ಇದು ಕೈಯಲ್ಲಿ ದುಡ್ಡಿಲ್ಲದವರು ಕಂಡುಹಿಡಿದ ಸ್ಟೈಲು. ನನಗೆ ಹಿಡಿಸಿದ್ದೇ ಅದು.

ಈಗ ಶೋರೂಮಿನಲ್ಲೇ ರೆಡಿಮೇಡ್ ಬಾಬರ್ ಸಿಗುತ್ತೆ. ಜಾವಾದವರ ಪೆರಾಕ್ ಇದೆ, 42 ಬಾಬರ್ ಇದೆ. ಆನ್‌ರೋಡ್ ಎರಡು ಲಕ್ಷದ ಮೇಲೆ. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಎರಡು ಲಕ್ಷ ಯಾವ ಲೆಕ್ಕ ಅನ್ನಬೇಡಿ. ಸೈಟಿನ ಸಾಲ, ಊರಲ್ಲಿ ಎರಡನೇ ಸಲ ಕೊರೆಸಿದ ಬೋರ್‌ವೆಲ್, ಮಗಳ ಯು.ಕೆ.ಜಿ. ಫೀಸು, ಇಷ್ಟೂ ಕಳೆದ ಮೇಲೆ ನಮ್ಮ ಸಂಬಳ ಹೆಂಗಿರುತ್ತೆ ಅನ್ನೋದು ಇದನ್ನ ಓದ್ತಿರೋ ಅರ್ಧ ಜನಕ್ಕೆ ಗೊತ್ತು. ಮನೆಯಲ್ಲಿ ಒಪ್ಪಂದ ಆಗಿದ್ದು ಹೀಗೆ: ಒಟ್ಟು 30,000 ರೂಪಾಯಿ. ಕ್ರೆಡಿಟ್ ಕಾರ್ಡ್ ಮುಟ್ಟುವಂತಿಲ್ಲ. ಶನಿವಾರ ಭಾನುವಾರ ಮಾತ್ರ ಕೆಲಸ. ಮಗಳನ್ನ ಡ್ರಾಯಿಂಗ್ ಕ್ಲಾಸಿಗೆ ಬಿಟ್ಟು ಬರೋದು ಇದರಲ್ಲಿ ತಪ್ಪಿಸಿಕೊಳ್ಳುವಂತಿಲ್ಲ.

ಮೂವತ್ತು ಸಾವಿರದಲ್ಲಿ ಬೈಕು ಕೊಂಡು ಬಾಬರ್ ಮಾಡೋಕಾಗಲ್ಲ. ಬೈಕು ಪುಕ್ಕಟೆ ಸಿಗಬೇಕು. ನನಗೆ ಸಿಕ್ಕಿತ್ತು. ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ರಾಗಿ ಹುಲ್ಲಿನ ಪಕ್ಕ, ಅಪ್ಪನ ಯೆಜ್ಡಿ 250 ನಿಂತಿತ್ತು. ನಿಂತು ಒಂಬತ್ತು ವರ್ಷ. ಮೇಲೆ ಗೋಣಿಚೀಲ, ಅದರ ಮೇಲೆ ಕೋಳಿ.

ಹಳೇ ಮೈಸೂರು ಸೀಮೆಯವರಿಗೆ ಯೆಜ್ಡಿ ಬಗ್ಗೆ ಹೇಳಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಮೊದಲು ಜೆಕೊಸ್ಲೊವಾಕಿಯಾದ ಲೈಸೆನ್ಸಿನಲ್ಲಿ ಜಾವಾ ಹೆಸರಲ್ಲಿ, ಆಮೇಲೆ ಯೆಜ್ಡಿ ಹೆಸರಲ್ಲಿ ತಯಾರಾಗುತ್ತಿದ್ದ ಗಾಡಿ. 1996ರಲ್ಲಿ ಕಾರ್ಖಾನೆ ನಿಂತಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ಅದರ ಒಂದು ವಿಶೇಷ ಅಂದ್ರೆ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಮಾಡಿ ವಾಪಸ್ ಮುಂದಕ್ಕೆ ತಂದರೆ ಗೇರ್. ಎರಡು ಕೆಲಸಕ್ಕೆ ಒಂದು ಕಬ್ಬಿಣ ಸಾಕು ಅಂತ ಯೋಚಿಸಿದ ಎಂಜಿನಿಯರ್ ಯಾರೋ, ಅವನ ಕೋಡ್ ರಿವ್ಯೂ ಮಾಡೋ ಭಾಗ್ಯ ನನಗಿಲ್ಲ.

ಅಪ್ಪ ಅದನ್ನು 1993ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಗೊಂಡ ದಿನದಿಂದ ಅದಕ್ಕೆ ಏನಾದರೊಂದು ಸೇರಿಸುತ್ತಲೇ ಹೋದ. ಮುಂದೆ ದಪ್ಪ ಪೈಪಿನ ಕ್ರ್ಯಾಶ್ ಗಾರ್ಡ್. ಹಿಂದೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕ್ಯಾರಿಯರ್. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆ. ಬೆಳಗ್ಗೆ ನಮ್ಮದೂ ಅಕ್ಕಪಕ್ಕದ ನಾಲ್ಕು ಮನೆಯದೂ ಹಾಲು ಡೇರಿಗೆ. ಸಾಯಂಕಾಲ ಹೊಲದಿಂದ ಬರುವಾಗ ಟ್ಯಾಂಕಿನ ಮೇಲೆ ನಾನು, ಹಿಂದೆ ಒಂದು ಕಡೆಗೆ ಕಾಲು ಬಿಟ್ಟು ಕೂತ ಅವ್ವ, ಅವಳ ತೊಡೆ ಮೇಲೆ ಹುಲ್ಲಿನ ಹೊರೆ. ನನ್ನ ಬಿ.ಇ. ಫೀಸು ಬಂದಿದ್ದು ಡೇರಿಯ ಬಟವಾಡೆ ದುಡ್ಡಲ್ಲಿ, ಅಂದ್ರೆ ಆ ಎರಡು ಕೊಕ್ಕೆಗಳ ಮೇಲೆ.

ಅಪ್ಪನಿಗೆ ಫೋನ್ ಮಾಡಿ ಏನು ಮಾಡ್ತೀನಿ ಅಂತ ಬಿಡಿಸಿ ಹೇಳಿದೆ. ಕ್ಯಾರಿಯರ್ ತೆಗೀತೀನಿ, ಕ್ರ್ಯಾಶ್ ಗಾರ್ಡ್ ತೆಗೀತೀನಿ, ಉದ್ದ ಸೀಟು ತೆಗೀತೀನಿ, ಮಡ್‌ಗಾರ್ಡ್ ಮೋಟು ಮಾಡ್ತೀನಿ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, “ಎಷ್ಟಾಯ್ತದ್ಲಾ?” ಅಂದ. ಮೂವತ್ತು ಸಾವಿರ ಅಂದೆ.

“ಅಲ್ಲ ಕಣ್ಲಾ, ಸೇರ್ಸಕ್ಕೆ ದುಡ್ ಕೊಡದ್ ನೋಡಿವ್ನಿ. ಇರದ್ನ ಕಿತ್ತಾಕಕ್ಕೂ ದುಡ್ಡಾ?”

ಬಾಬರ್ ಬಗ್ಗೆ ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ಆಮೇಲೆ ಯಾರೂ ನನಗೆ ಕೇಳಿಲ್ಲ. ಆದರೂ ಅಪ್ಪ ಬೇಡ ಅನ್ನಲಿಲ್ಲ. ಆರ್.ಸಿ. ಪುಸ್ತಕ ಎಲ್ಲಿದೆ ಅಂತ ಅವ್ವನನ್ನು ಕೂಗಿ ಕೇಳಿದ.

ಬೆಂಗಳೂರಿಗೆ ತರುವ ಮೊದಲು ಗಾಡಿಯನ್ನು ಮಂಡ್ಯದಲ್ಲಿ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಬಿಟ್ಟೆ. ಎಂಜಿನ್ ಬಿಚ್ಚೋದು ನನ್ನ ಕೈಲಿ ಆಗೋ ಕೆಲಸ ಅಲ್ಲ, ಯೂಟ್ಯೂಬ್ ನೋಡಿ ಕಲಿಯೋ ವಯಸ್ಸೂ ಎಂಜಿನ್ನಿಗೆ ಇರಲಿಲ್ಲ. ಪಿಸ್ಟನ್ ರಿಂಗು, ಆಯಿಲ್ ಸೀಲು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು ಬದಲಾದವು. ಸೈಲೆನ್ಸರ್ ಒಳಗಿನ ಬ್ಯಾಫಲ್ ಕರಿಗಟ್ಟಿ ಗಾಳಿಯೇ ಆಡುತ್ತಿರಲಿಲ್ಲ. ಮೇಸ್ತ್ರಿ ಅದನ್ನು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ತೊಳೆದರು. ಹದಿನೈದನೇ ಕಿಕ್ಕಿಗೆ ಗಾಡಿ ಎದ್ದಾಗ ಇಡೀ ಬೀದಿ ಹೊಗೆ. ಅವರು ಕೈ ಒರೆಸಿಕೊಂಡು, “ಇನ್ಮೇಲೆ ನೀವುಂಟು ನಿಮ್ಮ ಡಿಸೈನ್ ಉಂಟು ಸಾರ್. ಎಂಜಿನ್ ಮಾತ್ರ ಮುಟ್ಬೇಡಿ” ಅಂದರು.

ಕೆಂಗೇರಿ ಹತ್ತಿರ ನಮ್ಮ ಬಾಡಿಗೆ ಮನೆ. ಕೆಳಗಿನ ಪಾರ್ಕಿಂಗಿನಲ್ಲಿ ನನ್ನ ಪಾಲಿಗೆ ಎಂಟು ಅಡಿಗೆ ಹತ್ತು ಅಡಿ ಜಾಗ. ಓನರ್ ಆಂಟಿ ಎರಡು ಷರತ್ತು ಹಾಕಿದರು: ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬಾರದು, ನೆಲದ ಟೈಲ್ಸಿಗೆ ಆಯಿಲ್ ಬೀಳಬಾರದು. ಹಳೇ ಫ್ಲೆಕ್ಸ್ ಬ್ಯಾನರ್ ಒಂದನ್ನು ಹಾಸಿದೆ. ಯಾವುದೋ ಚುನಾವಣೆಯ ನಾಲ್ಕು ಮುಖಗಳು ಆರು ತಿಂಗಳು ಗ್ರೀಸಿನಲ್ಲಿ ಮಲಗಿದ್ದವು.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಫ್ರೇಮಿಗೆ ಒಂದು ಟ್ಯಾಕ್ ವೆಲ್ಡಿಂಗ್ ಕೂಡ ಇಲ್ಲ. ಎಲ್ಲವೂ ಬೋಲ್ಟು, ಕ್ಲಾಂಪು. ಬಿಚ್ಚಿದರೆ ಗಾಡಿ ಅಪ್ಪ ತಂದಾಗ ಹೇಗಿತ್ತೋ ಹಾಗೇ ಆಗಬೇಕು. ಇದಕ್ಕೆ ಭಾವನೆ ಒಂದೇ ಕಾರಣ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಷನ್ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಹಾಗಾಗಿ ಫ್ರೇಮು, ಎಂಜಿನ್, ಸೈಲೆನ್ಸರ್ ಮುಟ್ಟಲಿಲ್ಲ. ಆರ್.ಸಿ.ಯಲ್ಲಿ ಕಪ್ಪು ಬಣ್ಣ ಅಂತಿತ್ತು, ಹೊಸ ಬಣ್ಣವೂ ಕಪ್ಪೇ. ಇಂಡಿಕೇಟರು, ಕನ್ನಡಿ, ನಂಬರ್ ಪ್ಲೇಟು ತೆಗೆದು ಫೋಟೋ ಹಾಕುವವರನ್ನು ನೋಡಿ ನೀವು ಹಾಗೆ ಮಾಡಬೇಡಿ. ಫೋಟೋಗೆ ಹಿಂದಿನಿಂದ ಲಾರಿ ಬರಲ್ಲ.

ಮಡ್‌ಗಾರ್ಡ್ ಕೊಯ್ಯಬೇಕು, ಆದರೆ ಅಪ್ಪನ ಗಾಡಿಯದನ್ನು ಕೊಯ್ಯೋಕೆ ಮನಸ್ಸಿಲ್ಲ. ಎರಡು ಭಾನುವಾರ ಶಿವಾಜಿನಗರದ ಗುಜರಿಗಳಲ್ಲಿ ಸುತ್ತಿ, 450 ರೂಪಾಯಿಗೆ ಅದೇ ಅಗಲದ ಇನ್ನೊಂದು ಹಿಡಿದೆ. ಎಲ್ಲಿ ಕೊಯ್ಯಬೇಕು ಅನ್ನೋದಕ್ಕೂ ಲೆಕ್ಕ ಇದೆ. ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಬರುತ್ತೆ. ಆದ್ದರಿಂದ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ, ಅವು ಪೂರ್ತಿ ಒತ್ತಿಕೊಂಡಾಗ ಚಕ್ರ ಎಲ್ಲಿವರೆಗೆ ಏರುತ್ತೋ ಅಲ್ಲಿವರೆಗೆ ಕೈಯಲ್ಲಿ ಎತ್ತಿ, ಅಲ್ಲಿಂದ ಎರಡು ಬೆರಳು ಜಾಗ ಬಿಟ್ಟು ಗುರುತು ಹಾಕಿದೆ. ಚಕ್ರ ಎತ್ತಿ ಹಿಡಿದವಳು ಹೆಂಡತಿ. ಅವಳು ಟೆಸ್ಟಿಂಗ್ ಟೀಮಿನಲ್ಲಿರೋದು, ಇನ್ನೊಂದು ಬೆರಳು ಜಾಗ ಬಿಡು ಅಂದಳು, ಬಿಟ್ಟೆ.

ಸೀಟಿಗೆ ನಾನು ಕ್ಯಾಡ್ ಡ್ರಾಯಿಂಗ್ ಮಾಡಿ ಪ್ರಿಂಟ್ ತಗೊಂಡು ನಮ್ಮ ಏರಿಯಾದ ಗ್ರಿಲ್ ವರ್ಕ್ಸಿಗೆ ಹೋದೆ. ಅಲ್ಲಿನ ವೆಲ್ಡರ್ ಅಣ್ಣ ಪೇಪರನ್ನು ತಲೆಕೆಳಗೆ ಹಿಡಿದು ನೋಡಿ, “ಸಾರ್, ಇದೆಲ್ಲ ಬೇಡ, ರಟ್ಟು ಕಟ್ ಮಾಡ್ಕೊಂಡ್ ಬನ್ನಿ” ಅಂದ. ಆನ್‌ಲೈನ್ ಪಾರ್ಸಲ್ಲಿನ ರಟ್ಟಿನ ಡಬ್ಬ ಕತ್ತರಿಸಿ, ಗಾಡಿ ಮೇಲಿಟ್ಟು, ಕೂತು, ಮತ್ತೆ ಕತ್ತರಿಸಿ, ನಾಲ್ಕನೇ ರಟ್ಟು ಸರಿಯಾಯಿತು. ಅವನು ಅದನ್ನು ಎರಡು ಎಂ.ಎಂ. ತಗಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೊಯ್ದು, ಪೈಪಿನ ಮೇಲೆ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿಕೊಟ್ಟ. ಇಪ್ಪತ್ತು ನಿಮಿಷ. ಸೀಟಿನ ಕೆಳಗಿನ ಸ್ಪ್ರಿಂಗು ನಮ್ಮ ತಾತನ ಸೈಕಲ್ ಸೀಟಿನದು. ಮೇಲಿನ ಫೋಮ್, ರೆಕ್ಸಿನ್ ಆಟೋ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ. ಹ್ಯಾಂಡಲ್ ಬಾರ್ ನೇರ ಪೈಪಿನದು, ಜೆ.ಸಿ. ರೋಡಿನಲ್ಲಿ ಸಿಕ್ಕಿತು. ಅದನ್ನು ಹಾಕಿದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲೇಬೇಕು. ಟ್ಯಾಂಕಿಗೆ ತಾಗಬಾರದು, ಕ್ಲಚ್ ಕೇಬಲ್ ಬಿಗಿಯಾಗಬಾರದು. ತಿರುವಿನಲ್ಲಿ ಕೇಬಲ್ ಎಳೆದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ವೈರಿಂಗ್ ಮಾತ್ರ ಪೂರ್ತಿ ನನ್ನ ಕೈಯಿಂದ. ಹಳೇ ವೈರೆಲ್ಲ ಇಲಿ ಕಡಿದು, ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಕಾಲದಲ್ಲಿ ಗಂಟು ಹಾಕಿ, ಯಾವುದು ಎಲ್ಲಿಗೆ ಹೋಗುತ್ತೆ ಅನ್ನೋದೇ ತಿಳಿಯುತ್ತಿರಲಿಲ್ಲ. ಹತ್ತು ವರ್ಷ ಬೇರೆಯವರು ಬರೆದಿಟ್ಟು ಹೋದ ಕೋಡ್ ಬಿಡಿಸಿದ ಅನುಭವ ಜೀವನದಲ್ಲಿ ಮೊದಲ ಸಲ ಮನೆ ಕೆಲಸಕ್ಕೆ ಬಂತು. ಒಂದೊಂದು ವೈರಿಗೂ ಚೀಟಿ ಕಟ್ಟಿ, ಹೊಸ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದೆ.

ನಾಲ್ಕನೇ ತಿಂಗಳಿಗೆ ಗಾಡಿ ರೂಪಕ್ಕೆ ಬಂತು. ಟ್ಯಾಂಕು, ಅದರ ಹಿಂದೆ ಸ್ಪ್ರಿಂಗ್ ಮೇಲೆ ಕೂತ ಪುಟ್ಟ ಸೀಟು, ಆಮೇಲೆ ಬರೀ ಗಾಳಿ, ಕೆಳಗೆ ಮೋಟು ಮಡ್‌ಗಾರ್ಡು. ಆಫೀಸಿನ ಗೆಳೆಯರು ನೋಡಿ ವಿಸಿಲ್ ಹಾಕಿದರು. ಆಗ ಅವ್ವನ ಮಂಡಿನೋವು ತೋರಿಸೋಕೆ ಅಂತ ಅಪ್ಪ, ಅವ್ವ ಬೆಂಗಳೂರಿಗೆ ಬಂದರು. ಅಪ್ಪ ಚಪ್ಪಲಿ ಬಿಡುವ ಮುಂಚೆಯೇ ಪಾರ್ಕಿಂಗಿಗೆ ಹೋಗಿ ಗಾಡಿಯ ಸುತ್ತ ಎರಡು ಸುತ್ತು ಬಂದ. ಸೀಟಿನ ಸ್ಪ್ರಿಂಗ್ ಒತ್ತಿದ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಲೀಟರಿಗೆ 40 ಎಂ.ಎಲ್. ಆಯಿಲ್ ಹಾಕ್ತಿದ್ದೀಯಾ ಅಂತ ಕೇಳಿದ. ಆಮೇಲೆ ಸೀಟಿನ ಹಿಂದಿನ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟು ಕೇಳಿದ:

“ನಿಮ್ಮವ್ವ ಎಲ್ಲಿ ಕುಂತ್ಕಬೇಕ್ಲಾ?”

ವ್ಯಂಗ್ಯ ಇರಲಿಲ್ಲ. ಕೋಪವೂ ಇರಲಿಲ್ಲ. ಗಾಡಿ ಅಂದ ಮೇಲೆ ಹಿಂದೆ ಒಬ್ಬರು ಇರಬೇಕಲ್ಲ, ಅವರಿಗೆ ಜಾಗ ಎಲ್ಲಿ ಮಾಡಿದ್ದೀಯ ಅಂತ ತಿಳ್ಕೊಳ್ಳೋಕೆ ಕೇಳಿದ್ದು, ಅಷ್ಟೇ.

ಆ ರಾತ್ರಿ ಅದೇ ತಲೆಯಲ್ಲಿತ್ತು. ಬೇಡವಾದದ್ದನ್ನು ತೆಗೆಯೋದು ಬಾಬರಿನ ತತ್ವ. ಸರಿ. ಆದರೆ ಯಾರಿಗೆ ಬೇಡವಾದದ್ದು? ಯುದ್ಧದಿಂದ ಬಂದ ಆ ಅಮೆರಿಕದ ಹುಡುಗನಿಗೆ ಭಾನುವಾರ ಒಬ್ಬನೇ ಹೋಗೋದಿತ್ತು, ಅವನಿಗೆ ಹಿಂದಿನ ಸೀಟು ಭಾರ. ನಮ್ಮಲ್ಲಿ ಬೈಕು ಒಬ್ಬನದ್ದು ಆಗಿದ್ದು ಯಾವಾಗ? ಅದು ಮನೆಯ ಎತ್ತಿನಗಾಡಿಯ ತಮ್ಮ. ಹೆರಿಗೆಗೆ ಆಸ್ಪತ್ರೆಗೆ, ಪರೀಕ್ಷೆಗೆ ತಾಲ್ಲೂಕಿಗೆ, ಸಾವಿಗೆ ಪಕ್ಕದೂರಿಗೆ ಯಾರನ್ನಾದರೂ ಹಿಂದೆ ಕೂರಿಸಿಕೊಂಡೇ ಓಡಿದ್ದು. ನಾನು ಪಟ್ಟಿ ಮಾಡಿ ಬಿಚ್ಚಿಟ್ಟ ಹನ್ನೊಂದು ಸಾಮಾನಿನಲ್ಲಿ ಹತ್ತು ನಿಜವಾಗಿಯೂ ಈಗ ಯಾರಿಗೂ ಬೇಡ. ಹಾಲು ತಗೊಂಡು ಹೋಗಲ್ಲ, ಹಾಗಾಗಿ ಕ್ಯಾರಿಯರ್ ಬೇಡ. ಹನ್ನೊಂದನೆಯದು ಸಾಮಾನಲ್ಲ, ಅವ್ವನ ಜಾಗ.

ಕಾನೂನು ಕೇಳೋದೂ ಅಪ್ಪ ಕೇಳಿದ್ದನ್ನೇ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇದು ಹಿಂಬದಿ ಸವಾರರ ಬಗ್ಗೆ. ಹಿಡಿದುಕೊಳ್ಳೋಕೆ ಹಿಡಿ ಇರಬೇಕು, ಕಾಲಿಡೋಕೆ ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕು. ನಾವು ಸೀರೆ ಗಾರ್ಡ್ ಅಂತ ಕರೆದು, ಗಾಡಿ ಕೊಂಡ ವಾರಕ್ಕೇ ಸ್ಟೈಲಿಗೆ ಅಡ್ಡ ಅಂತ ಕಿತ್ತು ಬಿಸಾಕುವ ಜಾಲರಿ ಇದೇ.

ಮುಂದಿನ ಎರಡು ತಿಂಗಳು ಹಿಂದಿನ ಸೀಟಿಗೆ ಹೋಯಿತು. ಮೋಟು ಮಡ್‌ಗಾರ್ಡ್ ಮೇಲೆ ದಿಂಬು ಅಂಟಿಸಿದರೆ ಆಗಲ್ಲ, ಮನುಷ್ಯರ ಭಾರವನ್ನು ತಗಡು ಹೊರಬಾರದು, ಫ್ರೇಮ್ ಹೊರಬೇಕು. ಹಳೇ ಸೀಟಿನ ಬೋಲ್ಟಿನ ಜಾಗ, ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿನ ಜಾಗ, ಈ ಎರಡನ್ನೇ ಬಳಸಿ ಚೌಕ ಪೈಪಿನ ಒಂದು ಸ್ಟ್ಯಾಂಡ್ ಮಾಡಿಸಿದೆ. ಅದರ ಮೇಲೆ ಮುಂದಿನ ಸೀಟಿನದೇ ರೆಕ್ಸಿನ್ನಿನ ಇನ್ನೊಂದು ಚಿಕ್ಕ ಸೀಟು, ಪಕ್ಕದಲ್ಲಿ ಹಿಡಿ. ಹಳೇ ಫುಟ್‌ರೆಸ್ಟ್ ವಾಪಸ್ ಬಂತು. ಸೀರೆ ಗಾರ್ಡನ್ನು ನೀರು ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಕಪ್ಪು ಮಾಡಿ ಹಾಕಿದೆ. ಮೊದಲು ಎರಡು ಚೀಲ ಸಿಮೆಂಟು ಕಟ್ಟಿ ಏರಿಯಾದ ಎಲ್ಲ ಹಂಪುಗಳ ಮೇಲೆ ಓಡಿಸಿ, ಬೋಲ್ಟು ನೋಡಿ, ಆಮೇಲೆ ಹೆಂಡತಿ, ಆಮೇಲೆ ಅವ್ವ.

ವಿಸಿಲ್ ಹಾಕಿದ್ದ ಗೆಳೆಯರಲ್ಲಿ ಒಬ್ಬ, “ಗುರು, ಹಿಂದೆ ಸೀಟ್ ಇದ್ರೆ ಅದು ಬಾಬರ್ ಅಲ್ಲ” ಅಂದ. ಇರಬಹುದು. ಆರ್.ಸಿ.ಯಲ್ಲೂ ಬಾಬರ್ ಅಂತ ಬರೆದಿಲ್ಲ.

ಈಗ ದುಡ್ಡಿನ ಲೆಕ್ಕ, ಯಾಕಂದ್ರೆ ಮಾಡಬೇಕು ಅಂತ ಇರೋರು ಮೊದಲು ಕೇಳೋದು ಇದನ್ನೇ. ಎಂಜಿನ್ ಕೆಲಸ 9,500. ಎರಡು ಟೈರು, ಟ್ಯೂಬು 5,200. ಬ್ರೇಕ್ ಶೂ, ಕೇಬಲ್ಲು, ಬೇರಿಂಗು, ಚೈನು 3,400. ವೈರಿಂಗು, ಬ್ಯಾಟರಿ, ಬಲ್ಬು 3,100. ಆ್ಯಂಗಲ್ ಗ್ರೈಂಡರು, ಸ್ಪ್ಯಾನರು 3,200. ಮಡ್‌ಗಾರ್ಡ್ 450. ತಗಡು, ಪೈಪು, ವೆಲ್ಡಿಂಗ್ 1,900. ಎರಡು ಸೀಟು 1,150. ಹ್ಯಾಂಡಲ್, ಗ್ರಿಪ್ 850. ಪೇಂಟು 2,100. ಊರಿಂದ ತಂದ ಟೆಂಪೋ 1,500. ಒಟ್ಟು 32,350. ಮೇಲಿನ 2,350ಕ್ಕೆ ನನ್ನ ಹಳೇ ಮಾನಿಟರ್ ಮಾರಿದೆ. ಒಪ್ಪಂದ ಒಪ್ಪಂದವೇ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಜನ ತಿರುಗಿ ನೋಡೋ ಭಾಗ, ಅಂದ್ರೆ ಮಡ್‌ಗಾರ್ಡು, ತಗಡು, ಸೀಟು, ಹ್ಯಾಂಡಲು, ಬಣ್ಣ ಸೇರಿ 6,450. ಐದರಲ್ಲಿ ಒಂದು ಭಾಗ. ಗಾಡಿ ಸ್ಟಾರ್ಟ್ ಆಗಿ, ನೆಟ್ಟಗೆ ಓಡಿ, ಹೇಳಿದ ಜಾಗದಲ್ಲಿ ನಿಲ್ಲೋಕೆ ಹೋದದ್ದು 21,200. ನಿಮ್ಮ ಹತ್ತಿರ ಬರೀ ಇಪ್ಪತ್ತು ಸಾವಿರ ಇದ್ದರೆ ಎಂಜಿನ್ನು, ಬ್ರೇಕು, ಟೈರು, ವೈರಿಂಗು ಮಾಡಿಸಿ ಸುಮ್ಮನೆ ಹಳೇ ಗಾಡಿಯಾಗಿಯೇ ಓಡಿಸಿ. ಬಾಬರ್ ಮುಂದಿನ ವರ್ಷಕ್ಕೆ ಕಾಯುತ್ತೆ. ಬ್ರೇಕು ಕಾಯಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ರಿನ್ಯೂ ಆಗಬೇಕು, ಅದನ್ನು ಮೊದಲು ನೋಡಿಕೊಳ್ಳಿ. ಮತ್ತೆ, ಕೊಯ್ಯುವ ಮುಂಚೆ ಮನೆಯಲ್ಲಿ ಎಲ್ಲರನ್ನೂ ಗಾಡಿ ಪಕ್ಕ ನಿಲ್ಲಿಸಿ ಕೇಳಿ. ನನಗೆ ಫೋಮು ರೆಕ್ಸಿನ್ನಿನ ಅಂಗಡಿಗಳೆಲ್ಲ ಗೊತ್ತಿದ್ದವು. ಕೇಳಬೇಕಾದ ಪ್ರಶ್ನೆ ಗೊತ್ತಿದ್ದದ್ದು ಅಪ್ಪನಿಗೆ.

ಬಿಚ್ಚಿದ ಸಾಮಾನೆಲ್ಲ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲಿದೆ. ಬೋಲ್ಟುಗಳು ಚೀಟಿ ಸಮೇತ ಹಾರ್ಲಿಕ್ಸ್ ಬಾಟಲಿಯಲ್ಲಿ. ಕ್ಯಾರಿಯರ್ ಮಾತ್ರ ಇಲ್ಲ. ಅದನ್ನು ಅಪ್ಪ ಹೋಗುವಾಗ ಕೆಂಗೇರಿಯಲ್ಲಿ ಬಸ್ ಹತ್ತಿಸಿಕೊಂಡು ಊರಿಗೆ ತಗೊಂಡು ಹೋದ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದನಂತೆ. ಈಗ ಅದು ಬಚ್ಚಲ ಮನೆ ಮುಂದೆ ನಾಲ್ಕು ಇಟ್ಟಿಗೆ ಮೇಲೆ ಕೂತು ನೀರಿನ ಕೊಡ ಹೊರುತ್ತಿದೆ. ಕೊಕ್ಕೆಗಳಿಗೆ ಅವ್ವ ಚೊಂಬು ನೇತುಹಾಕಿದ್ದಾಳೆ.

ಹೋದ ತಿಂಗಳು ಅವ್ವನ ಮಂಡಿಯನ್ನು ಎರಡನೇ ಸಲ ತೋರಿಸೋಕೆ ಯೆಜ್ಡಿಯಲ್ಲೇ ಹೋದೆವು. 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಲ್ಲ, ಸೆರಗಿನ ಮೇಲೆ ಹೆಲ್ಮೆಟ್ ಹಾಕಿಕೊಂಡು, ಬಲಗೈಯಲ್ಲಿ ಹಿಡಿ ಹಿಡಿದು, ಎಡಗೈಯಲ್ಲಿ ಎಕ್ಸ್‌ರೇ ಕವರ್ ಇಟ್ಟುಕೊಂಡು ಕೂತಳು. ಆಸ್ಪತ್ರೆ ಮುಂದೆ ಇಳಿದ ಮೇಲೆ ಹೇಗಿತ್ತವ್ವ ಅಂದೆ.

“ಪರವಾಗಿಲ್ಲ ಕಣಪ್ಪ. ಇನ್ನೊಸಿ ಮೆತ್ತಗೆ ಮಾಡ್ಸು” ಅಂದಳು.

ಈ ಶನಿವಾರ ಕುಶನ್ ಅಂಗಡಿಗೆ ಹೋಗಬೇಕು. ಬಜೆಟ್ 300 ರೂಪಾಯಿ, ಮಂಜೂರಾಗಿದೆ.